ಬ್ಯಾಟರಿ ಫುಲ್ ಇದ್ದರೂ ಗ್ರಿಪ್ ಹಾಕಿದರೆ ಕ್ಯಾಮೆರಾ ಆಫ್ ಆಗುತ್ತಿದೆ. ತೊಂದರೆ ಎಲ್ಲಿ?

ಮಂಟಪದ ಕ್ಯಾಮೆರಾ | ಭಾನುವಾರ, ರಾತ್ರಿ 10:42
ಎಲ್ಲರಿಗೂ ನಮಸ್ಕಾರ. ತಿಳಿದವರು ದಯವಿಟ್ಟು ಸಹಾಯ ಮಾಡಿ.

ಇವತ್ತು ಹಾಸನದಲ್ಲಿ ಮದುವೆ ಇತ್ತು. ಗಟ್ಟಿಮೇಳ ಶುರುವಾಯಿತು. ಹುಡುಗ ತಾಳಿ ಹಿಡಿದು ಕೈ ಮುಂದೆ ತಂದ. ಕ್ಯಾಮೆರಾ ವರ್ಟಿಕಲ್ ಹಿಡಿದು ಎರಡು ಫ್ರೇಮ್ ಹೊಡೆದೆ. ಮೂರನೆಯದಕ್ಕೆ ಬಟನ್ ಒತ್ತಿದರೆ ಏನೂ ಇಲ್ಲ. ಮೇಲಿನ ಡಿಸ್‌ಪ್ಲೇ ಖಾಲಿ, ವ್ಯೂಫೈಂಡರ್‌ನಲ್ಲಿ ಒಂದು ಅಂಕಿಯೂ ಇಲ್ಲ. ಕ್ಯಾಮೆರಾ ಕೆಳಗೆ ಜೋಡಿಸುವ ಬ್ಯಾಟರಿ ಗ್ರಿಪ್‌ನ ಟ್ರೇ (ಬ್ಯಾಟರಿ ಕೂರುವ ತಟ್ಟೆ) ಎಳೆದು ಮತ್ತೆ ಹಾಕಿದೆ, ಜೀವ ಬಂತು. ಅಷ್ಟರಲ್ಲಿ ಮೂರು ಗಂಟೂ ಮುಗಿದಿತ್ತು. ಪಕ್ಕದಲ್ಲಿ ನನ್ನ ಅಸಿಸ್ಟೆಂಟ್ ಹುಡುಗ ಎರಡನೇ ಕ್ಯಾಮೆರಾ ಹಿಡಿದಿದ್ದ, ಆ ಫೋಟೋ ಅವನ ಕಾರ್ಡ್‌ನಲ್ಲಿದೆ. ಅವನು ಇಲ್ಲದಿದ್ದರೆ ಆ ಮನೆಯವರಿಗೆ ಏನು ಹೇಳುತ್ತಿದ್ದೆ ಅಂತ ಈಗಲೂ ಎದೆ ಹೊಡೆದುಕೊಳ್ಳುತ್ತಿದೆ.

ಕ್ಯಾಮೆರಾ ಕ್ಯಾನನ್ 80ಡಿ. ಲೆನ್ಸ್ 70-200 ಎಫ್2.8. ಗ್ರಿಪ್ ಬೇರೆ ಕಂಪನಿಯದು, ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ತಗೊಂಡಿದ್ದು. ಒಳಗೆ ಎರಡು ಎಲ್‌ಪಿ-ಇ6ಎನ್ ಬ್ಯಾಟರಿ. ಎರಡೂ 80 ಪರ್ಸೆಂಟ್‌ಗಿಂತ ಮೇಲಿದ್ದವು. ಬೆಳಗ್ಗೆಯಿಂದ ನಾಲ್ಕು ಸಲ ಹೀಗಾಯಿತು. ಆರತಕ್ಷತೆಗೆ ಗ್ರಿಪ್ ತೆಗೆದು ಕ್ಯಾಮೆರಾ ಬಾಡಿಗೇ ನೇರವಾಗಿ ಬ್ಯಾಟರಿ ಹಾಕಿದೆ, ಒಂದು ಸಲವೂ ಆಫ್ ಆಗಲಿಲ್ಲ. ಗ್ರಿಪ್ ಎಸೆಯಬೇಕಾ? ಇಲ್ಲ ಬಾಡಿಯಲ್ಲೇ ತೊಂದರೆಯಾ? ಮುಂದಿನ ಭಾನುವಾರ ಇನ್ನೊಂದು ಮದುವೆ ಇದೆ.

ಬಯಲುಸೀಮೆ ಬೆಳಕು | ರಾತ್ರಿ 10:51
ಆಟೋ ಪವರ್ ಆಫ್ ಇರಬಹುದು. 80ಡಿಯಲ್ಲಿ ಕಂಪನಿಯಿಂದ ಬರುವಾಗಲೇ 1 ನಿಮಿಷಕ್ಕೆ ಇಟ್ಟಿರುತ್ತಾರೆ. ಮೆನುವಿನಲ್ಲಿ ಚೆಕ್ ಮಾಡಿ.

ಮಂಟಪದ ಕ್ಯಾಮೆರಾ | ರಾತ್ರಿ 10:55
ಅದಲ್ಲ ಸರ್. ಆಟೋ ಆಫ್ ಆದರೆ ಶಟರ್ ಅರ್ಧ ಒತ್ತಿದ ಕೂಡಲೇ ಎದ್ದೇಳುತ್ತದೆ ಅಲ್ವಾ. ಇದು ಏಳುವುದಿಲ್ಲ. ಟ್ರೇ ಎಳೆದು ಹಾಕಬೇಕು, ಇಲ್ಲವಾದರೆ ಗ್ರಿಪ್ ಹಿಡಿದು ಸ್ವಲ್ಪ ಅಲ್ಲಾಡಿಸಬೇಕು.

ಕುಂದಾಪ್ರ ಕಡಲು | ರಾತ್ರಿ 11:03
ಲೋಕಲ್ ಗ್ರಿಪ್ ಹಾಕಿದರೆ ಇದೇ ಗತಿ. ಕ್ಯಾನನ್‌ನದೇ ಒರಿಜಿನಲ್ ಗ್ರಿಪ್ ಬಿಜಿ-ಇ14 ತಗೊಳ್ಳಿ. ಇದರ ಮೇಲೆ ಇನ್ನೊಂದು ದಿನವೂ ಹಾಳು ಮಾಡಬೇಡಿ.

ಬೆಸುಗೆ ಭಟ್ಟ | ರಾತ್ರಿ 11:20
ಎಸೆಯುವ ಮೊದಲು ಹುಡುಕೋಣ. ನೀವು ಕೊನೆಗೆ ಬರೆದಿರುವ ಮಾತಿನಲ್ಲೇ ಅರ್ಧ ಉತ್ತರ ಇದೆ. ಅಲ್ಲಾಡಿಸಿದರೆ ಜೀವ ಬರುತ್ತದೆ ಅಂದರೆ ಬ್ಯಾಟರಿಯಲ್ಲಿ ಚಾರ್ಜ್ ಇದೆ, ದಾರಿಯಲ್ಲಿ ಎಲ್ಲೋ ತಡೆ ಇದೆ.

ಬ್ಯಾಟರಿಯಿಂದ ಬಾಡಿಗೆ ಕರೆಂಟ್ ಹೋಗುವ ದಾರಿ ನೋಡಿ. ಮೊದಲು ಬ್ಯಾಟರಿಯಿಂದ ಟ್ರೇಗೆ. ಟ್ರೇಯಿಂದ ಗ್ರಿಪ್ ಒಳಗಿನ ಸರ್ಕ್ಯೂಟ್‌ಗೆ. ಅಲ್ಲಿಂದ ಗ್ರಿಪ್‌ನ ಮೇಲೆ ಉದ್ದಕ್ಕೆ ನಿಂತಿರುವ ಕಂಬಕ್ಕೆ, ಅಂದರೆ ಬಾಡಿಯ ಬ್ಯಾಟರಿ ಗೂಡಿನೊಳಗೆ ಹೋಗುತ್ತದಲ್ಲ, ಅದಕ್ಕೆ. ಕಂಬದ ತುದಿಯ ಪಟ್ಟಿಗಳಿಂದ ಬಾಡಿಯ ಸ್ಪ್ರಿಂಗ್ ಕಾಂಟ್ಯಾಕ್ಟ್‌ಗಳಿಗೆ. ಗ್ರಿಪ್ ಇಲ್ಲದಿದ್ದರೆ ಒಂದೇ ಜೋಡಣೆ. ಗ್ರಿಪ್ ಹಾಕಿದರೆ ನಾಲ್ಕು. ಅದರಲ್ಲಿ ಯಾವುದು ಸಡಿಲ ಅಂತ ಕಂಡುಹಿಡಿಯಬೇಕು, ಅಷ್ಟೇ ಕೆಲಸ.

ನಾಳೆ ಬಿಡುವು ಮಾಡಿಕೊಂಡು ಹೀಗೆ ಮಾಡಿ. ಟ್ರೇಯಲ್ಲಿ ಒಂದೇ ಬ್ಯಾಟರಿ ಎಡಗಡೆ ಹಾಕಿ ನೂರು ಫ್ರೇಮ್ ಹೊಡೆಯಿರಿ, ಅಡ್ಡಕ್ಕೂ ಉದ್ದಕ್ಕೂ. ಆಮೇಲೆ ಅದೇ ಬ್ಯಾಟರಿ ಬಲಗಡೆ. ಆಮೇಲೆ ಎರಡನೇ ಬ್ಯಾಟರಿ, ಹಾಗೇ. ಎಲ್ಲವನ್ನೂ ಚೀಟಿಯಲ್ಲಿ ಬರೆದಿಡಿ. ಒಂದೇ ಕಡೆ ಆಫ್ ಆದರೆ ಆ ಸ್ಲಾಟ್. ಒಂದೇ ಬ್ಯಾಟರಿಯಲ್ಲಿ ಆದರೆ ಆ ಬ್ಯಾಟರಿ. ಎಲ್ಲದರಲ್ಲೂ ಆದರೆ ಕಂಬದ ಕಡೆ ಹೋಗೋಣ.

ಸ್ಟುಡಿಯೋ ಅಕ್ಕ | ರಾತ್ರಿ 11:31
ಮೊದಲು ಗ್ರಿಪ್‌ನ ಕೆಳಗಿನ ತಿರುಪು ಚಕ್ರ ಬಿಗಿ ಇದೆಯಾ ನೋಡಿ ತಮ್ಮ. ಬೆಳಗ್ಗೆ ಗಟ್ಟಿ ಮಾಡಿದರೂ ಮಧ್ಯಾಹ್ನಕ್ಕೆ ಸಡಿಲ ಆಗಿರುತ್ತದೆ. ಛತ್ರದಲ್ಲಿ ಗಂಟೆಗೊಂದು ಸಲ ಹೆಬ್ಬೆರಳಿನಿಂದ ತಿರುಗಿಸಿ ನೋಡುವುದು ನನಗೆ ಅಭ್ಯಾಸ ಆಗಿಬಿಟ್ಟಿದೆ. ಆದರೆ ಕಾಸು ಇಟ್ಟು ತಿರುಗಿಸಬೇಡಿ. ತುಂಬಾ ಬಿಗಿ ಮಾಡಿದರೆ ಬಾಡಿಯ ಟ್ರೈಪಾಡ್ ಥ್ರೆಡ್ ಹೋಗುತ್ತದೆ. ಅದು ಹೋದರೆ ದೊಡ್ಡ ಖರ್ಚು.

ಕಬಿನಿ ಕಾಯುವವ | ರಾತ್ರಿ 11:38
ವರ್ಟಿಕಲ್‌ನಲ್ಲಿ ಮಾತ್ರ ಆಫ್ ಆಗುವುದಾದರೆ ಇನ್ನೊಂದು ಅನುಮಾನ. ಕ್ಯಾನನ್‌ನಲ್ಲಿ ಮೆಮೊರಿ ಕಾರ್ಡ್ ಬಾಗಿಲು ಸ್ವಲ್ಪ ತೆರೆದರೂ ಕ್ಯಾಮೆರಾ ಆಫ್ ಆಗುತ್ತದೆ, ಅಲ್ಲೊಂದು ಪುಟ್ಟ ಸ್ವಿಚ್ ಇದೆ. ನೀವು ವರ್ಟಿಕಲ್ ಹಿಡಿದಾಗ ಅಂಗೈ ಆ ಬಾಗಿಲನ್ನು ತಳ್ಳುತ್ತಿಲ್ಲ ಅಲ್ವಾ? ಬಾಗಿಲಿಗೆ ಒಂದು ತುಂಡು ಟೇಪ್ ಅಂಟಿಸಿ ಪರೀಕ್ಷೆ ಮಾಡಿ. ಕಾಸಿಲ್ಲದ ಪರೀಕ್ಷೆ.

ಹೊಸ ಲೆನ್ಸ್ | ರಾತ್ರಿ 11:44
ಮದುವೆಯಲ್ಲಿ ಫ್ಲ್ಯಾಶ್ ಜಾಸ್ತಿ ಹೊಡೆದಿರುತ್ತೀರಿ. ಅದೇ ಕರೆಂಟ್ ಎಳೆದುಕೊಂಡು ಆಫ್ ಮಾಡುತ್ತಿರಬೇಕು.

ಬೆಸುಗೆ ಭಟ್ಟ | ರಾತ್ರಿ 11:50
ಇಲ್ಲ. ಮೇಲೆ ಹಾಕುವ ಫ್ಲ್ಯಾಶ್‌ಗೆ ಅದರದ್ದೇ ಸೆಲ್ ಇರುತ್ತದೆ. ಕ್ಯಾಮೆರಾ ಅದಕ್ಕೆ ಸಂಕೇತ ಮಾತ್ರ ಕೊಡುತ್ತದೆ. ಬಾಡಿಯೊಳಗಿನ ಪಾಪ್-ಅಪ್ ಫ್ಲ್ಯಾಶ್ ಆದರೆ ಮಾತ್ರ ಕ್ಯಾಮೆರಾ ಬ್ಯಾಟರಿ ತಿನ್ನುತ್ತದೆ. ಜಾಸ್ತಿ ಕರೆಂಟ್ ಎಳೆಯುವುದು ಬೇರೆ ಇವೆ: ಮಿರರ್ ಎತ್ತುವ ಮೋಟಾರ್, ಲೆನ್ಸ್‌ನ ಫೋಕಸ್ ಮೋಟಾರ್, ಐಎಸ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ). ಮೂರೂ ಒಟ್ಟಿಗೆ ಕೆಲಸ ಮಾಡುವ ಗಳಿಗೆಯಲ್ಲಿ ಒಂದು ದೊಡ್ಡ ಎಳೆತ ಬರುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಕಾಂಟ್ಯಾಕ್ಟ್ ಕೊಳೆಯಾಗಿ ಅಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್, ಅಂದರೆ ಕರೆಂಟ್‌ಗೆ ತಡೆ, ಬಂತು ಅಂದುಕೊಳ್ಳಿ. ಸುಮ್ನೆ ಆನ್ ಇದ್ದಾಗ ಕರೆಂಟ್ ಕಡಿಮೆ, ಏನೂ ಗೊತ್ತಾಗುವುದಿಲ್ಲ. ಬ್ಯಾಟರಿ ಚಿಹ್ನೆಯೂ ಫುಲ್ ತೋರಿಸುತ್ತದೆ. ಒಂದು ಕ್ಷಣ 2 ಆಂಪ್ ಎಳೆದರೆ ಅಲ್ಲೇ 1 ವೋಲ್ಟ್ ಬಿದ್ದುಹೋಯಿತು. 7.5 ಇದ್ದದ್ದು ಬಾಡಿಗೆ ತಲುಪುವಾಗ 6.5. ಬ್ಯಾಟರಿ ಮುಗಿಯಿತು ಅಂತ ಕ್ಯಾಮೆರಾ ತಿಳಿಯುತ್ತದೆ, ಆಫ್ ಆಗುತ್ತದೆ. ಅದಕ್ಕೇ ಇದು ನೀವು ಮನೆಯಲ್ಲಿ ಮೆನು ನೋಡುವಾಗ ಬರುವುದಿಲ್ಲ, ಬಟನ್ ಒತ್ತಿದಾಗಲೇ ಬರುತ್ತದೆ.

ತುಂಗಾ ತೀರ | ಸೋಮವಾರ, ಬೆಳಗ್ಗೆ 6:15
ಇದೇ ಜಾಗದಲ್ಲಿ ನನ್ನದೂ ಒಂದು ಪ್ರಶ್ನೆ. ನನ್ನದು ಕ್ಯಾನನ್ 6ಡಿ, ಗ್ರಿಪ್ ಹಾಕಿದ್ದೇನೆ. ಕ್ಯಾಮೆರಾ ಆಫ್ ಮಾಡಿ ಬ್ಯಾಗ್‌ನಲ್ಲಿ ಇಟ್ಟಿದ್ದರೂ ನಾಲ್ಕೈದು ದಿನಕ್ಕೆ ಎರಡೂ ಬ್ಯಾಟರಿ ಖಾಲಿ. ಈಗ ರಾತ್ರಿ ಟ್ರೇ ತೆಗೆದು ಪಕ್ಕಕ್ಕೆ ಇಡುತ್ತೇನೆ. ಗ್ರಿಪ್‌ನಲ್ಲೇ ಸೋರಿಕೆ ಇದೆ ಅನಿಸುತ್ತದೆ. ಗ್ರಿಪ್‌ನ ಸ್ವಿಚ್ ಕೂಡ ಆಫ್‌ನಲ್ಲೇ ಇರುತ್ತದೆ.

ಕುಂದಾಪ್ರ ಕಡಲು | ಬೆಳಗ್ಗೆ 7:02
ನೋಡಿದಿರಾ, ಮತ್ತೆ ಗ್ರಿಪ್! ಒರಿಜಿನಲ್ ತಗೊಳ್ಳಿ ಅಂತ ಸುಮ್ನೆ ಹೇಳಿದ್ದಲ್ಲ.

ಕಬಿನಿ ಕಾಯುವವ | ಬೆಳಗ್ಗೆ 7:30
ತುಂಗಾ ತೀರ ಅವರೇ, ಎರಡು ವಿಷಯ. ಗ್ರಿಪ್ ಮೇಲಿನ ಆನ್-ಆಫ್ ಸ್ವಿಚ್ ಕರೆಂಟ್ ನಿಲ್ಲಿಸುವುದಿಲ್ಲ. ಗ್ರಿಪ್‌ನ ಶಟರ್ ಬಟನ್, ಡಯಲ್ ಕೆಲಸ ಮಾಡಬೇಕಾ ಬೇಡವಾ ಅನ್ನುವುದಕ್ಕೆ ಮಾತ್ರ ಅದು. ತುಂಬಾ ಜನ ಇದನ್ನು ಮೇನ್ ಸ್ವಿಚ್ ಅಂದುಕೊಂಡಿರುತ್ತಾರೆ.

ಎರಡನೆಯದು ಮುಖ್ಯ. 6ಡಿಯಲ್ಲಿ ಜಿಪಿಎಸ್ ಆನ್ ಮಾಡಿದ್ದೀರಾ? ಆ ಮಾಡೆಲ್‌ನಲ್ಲಿ ಜಿಪಿಎಸ್ ಎನೇಬಲ್ ಇದ್ದರೆ ಕ್ಯಾಮೆರಾ ಆಫ್ ಮಾಡಿದ ಮೇಲೂ ಅದು ಆಗಾಗ ಉಪಗ್ರಹ ಹುಡುಕುತ್ತಲೇ ಇರುತ್ತದೆ. ಮೇಲಿನ ಡಿಸ್‌ಪ್ಲೇಯಲ್ಲಿ ಜಿಪಿಎಸ್ ಅಂತ ಅಕ್ಷರ ಕಾಣುತ್ತಿದೆಯಾ ನೋಡಿ. ಕಾಣುತ್ತಿದ್ದರೆ ಗ್ರಿಪ್‌ಗೆ ಬೈಯಬೇಡಿ.

ತುಂಗಾ ತೀರ | ಬೆಳಗ್ಗೆ 7:41
ಕಾಣುತ್ತಿದೆ! ಹಂಪಿಗೆ ಹೋದಾಗ ಆನ್ ಮಾಡಿದ್ದು, ಆಮೇಲೆ ತೆಗೆದೇ ಇಲ್ಲ. ಈಗ ಡಿಸೇಬಲ್ ಮಾಡಿದೆ. ಟ್ರೇ ಒಳಗೇ ಬಿಟ್ಟು ನಾಲ್ಕು ದಿನ ಬಿಟ್ಟು ಬಂದು ಹೇಳುತ್ತೇನೆ.

ಬೆಸುಗೆ ಭಟ್ಟ | ಬೆಳಗ್ಗೆ 8:10
ಇಡುವ ಮೊದಲು ಬ್ಯಾಟರಿ ಇನ್ಫೋದಲ್ಲಿ ಎರಡರ ಪರ್ಸೆಂಟ್ ಬರೆದುಕೊಳ್ಳಿ. ಅಂದಾಜಿಗೆ ಹೇಳಬೇಕೆಂದರೆ, 1865 ಎಂಎಎಚ್ ಬ್ಯಾಟರಿಯಿಂದ ಬರೀ 20 ಮಿಲಿ ಆಂಪ್ ಸೋರಿದರೂ ನಾಲ್ಕು ದಿನದೊಳಗೆ ಖಾಲಿ. ಕೆಲವು ಗ್ರಿಪ್‌ಗಳಲ್ಲಿ ರಿಮೋಟ್‌ಗೆ ಕಾಯುವ ಸರ್ಕ್ಯೂಟ್ ಇರುತ್ತದೆ, ಅಂಥವು ನಿಜವಾಗಿಯೂ ಹೀಗೆ ಸೋರುತ್ತವೆ. ಆದರೆ ಮೊದಲು ಜಿಪಿಎಸ್ ಒಂದನ್ನೇ ಬದಲಾಯಿಸಿ ನೋಡಿ. ಒಟ್ಟಿಗೆ ನಾಲ್ಕು ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ.

ಮಂಟಪದ ಕ್ಯಾಮೆರಾ | ಸೋಮವಾರ, ಸಂಜೆ 6:48
ಇವತ್ತು ಸ್ಟುಡಿಯೋ ಬಾಗಿಲು ಹಾಕಿಕೊಂಡು ಭಟ್ಟರು ಹೇಳಿದ ಹಾಗೇ ಮಾಡಿದೆ.

ಮೊದಲು ಕಾರ್ಡ್ ಬಾಗಿಲಿಗೆ ಟೇಪ್ ಅಂಟಿಸಿದೆ. ಆದರೂ ಆಫ್ ಆಯಿತು, ಆದ್ದರಿಂದ ಅದಲ್ಲ. ಮೊದಲ ಬ್ಯಾಟರಿ ಎಡ ಸ್ಲಾಟ್, ಅಡ್ಡಕ್ಕೆ 100 ಫ್ರೇಮ್: ತೊಂದರೆ ಇಲ್ಲ. ಉದ್ದಕ್ಕೆ: 31ನೇ ಫ್ರೇಮ್‌ಗೆ ಆಫ್. ಅದೇ ಬ್ಯಾಟರಿ ಬಲ ಸ್ಲಾಟ್, ಉದ್ದಕ್ಕೆ: 12ಕ್ಕೆ ಆಫ್. ಎರಡನೇ ಬ್ಯಾಟರಿ ಎರಡೂ ಕಡೆ ಹೀಗೇ. ಆಮೇಲೆ 70-200 ತೆಗೆದು 50 ಎಂಎಂ ಹಾಕಿದೆ. ಉದ್ದಕ್ಕೆ 200 ಫ್ರೇಮ್ ಹೊಡೆದರೂ ಒಂದು ಸಲವೂ ಆಫ್ ಆಗಲಿಲ್ಲ!

ಅಕ್ಕ, ತಿರುಪು ಚಕ್ರ ನಿಜವಾಗಿಯೂ ಅರ್ಧ ಸುತ್ತು ಸಡಿಲ ಇತ್ತು. ಬಿಗಿ ಮಾಡಿದ ಮೇಲೆ ಕಡಿಮೆ ಆಯಿತು, ಪೂರ್ತಿ ನಿಂತಿಲ್ಲ.

ಸ್ಟುಡಿಯೋ ಅಕ್ಕ | ಸಂಜೆ 7:05
ಹಾಗಾದರೆ ಭಾರಕ್ಕೆ ಬಾಗುತ್ತಿದೆ. ಆ ಲೆನ್ಸ್ ಒಂದೇ ಸುಮಾರು ಒಂದೂವರೆ ಕೆಜಿ. ನೀವು ಗ್ರಿಪ್ ಮಾತ್ರ ಹಿಡಿದು ಎತ್ತುತ್ತೀರಾ, ಇಲ್ಲ ಎಡಗೈ ಲೆನ್ಸ್ ಕೆಳಗೆ ಕೊಡುತ್ತೀರಾ?

ಮಂಟಪದ ಕ್ಯಾಮೆರಾ | ಸಂಜೆ 7:09
ಒಂದೊಂದು ಸಲ ಬಲಗೈಯಲ್ಲಿ ಗ್ರಿಪ್ ಮಾತ್ರ ಹಿಡಿದು ಎತ್ತುತ್ತೇನೆ ಅಕ್ಕ. ಎಡಗೈಯಲ್ಲಿ ಜನರನ್ನು ಸರಿಸಬೇಕಾಗುತ್ತದೆ.

ಹಳೇ ನೆಗೆಟಿವ್ | ಸಂಜೆ 7:30
ಕಾಂಟ್ಯಾಕ್ಟ್ ಎಲ್ಲ ಸಣ್ಣ ಉಪ್ಪುಕಾಗದದಲ್ಲಿ ಉಜ್ಜಿಬಿಡಿ. ನಮ್ಮ ಕಾಲದಲ್ಲಿ ಟಾರ್ಚ್, ಫ್ಲ್ಯಾಶ್ ಎಲ್ಲದಕ್ಕೂ ಅದೇ ಮದ್ದು.

ಬೆಸುಗೆ ಭಟ್ಟ | ಸಂಜೆ 7:36
ಹಿರಿಯರೇ, ಕ್ಷಮಿಸಿ, ಇದಕ್ಕೆ ಮಾತ್ರ ಬೇಡ. ಈ ಪಟ್ಟಿಗಳ ಮೇಲೆ ಇರುವುದು ತುಂಬಾ ತೆಳು ಚಿನ್ನದ ಲೇಪ. ಉಪ್ಪುಕಾಗದ ಒಂದು ಸಲ ಎಳೆದರೆ ಅದು ಹೋಯಿತು. ಕೆಳಗಿನ ಲೋಹ ಗಾಳಿಗೆ ಸಿಕ್ಕಿ ಬೇಗ ಮಂಕಾಗುತ್ತದೆ. ಒಂದು ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ಮೊದಲಿಗಿಂತ ಕೆಟ್ಟದಾಗುತ್ತದೆ. ಟಾರ್ಚ್‌ನ ಹಿತ್ತಾಳೆ ಸ್ಪ್ರಿಂಗ್‌ಗೆ ಸರಿ, ಇದಕ್ಕೆ ಅಲ್ಲ.

ಹಳೇ ನೆಗೆಟಿವ್ | ಸಂಜೆ 7:52
ಮೂವತ್ತು ವರ್ಷ ಹೀಗೇ ಮಾಡಿದ್ದೇನೆ, ಒಂದು ಫ್ಲ್ಯಾಶ್ ಕೂಡ ಕೆಟ್ಟಿಲ್ಲ. ಆದರೆ ಚಿನ್ನದ ಲೇಪದ ವಿಷಯ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಹಾಗಾದರೆ ಏನು ಹಚ್ಚಬೇಕು?

ಬೆಸುಗೆ ಭಟ್ಟ | ಸಂಜೆ 8:01
ಐಸೊಪ್ರೊಪೈಲ್ ಆಲ್ಕೋಹಾಲ್. ಕಿವಿ ಕಡ್ಡಿಯ ಹತ್ತಿಗೆ ಒಂದು ತೊಟ್ಟು, ಬ್ಯಾಟರಿ ತೆಗೆದಿಟ್ಟು ಒರೆಸಿ. ಕಲೆ ಹೋಗದಿದ್ದರೆ ಮಕ್ಕಳ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಎರಡು ಸಲ ಉಜ್ಜಿ, ಪುಡಿ ಬಾಡಿಯೊಳಗೆ ಬೀಳದ ಹಾಗೆ ಗ್ರಿಪ್ ತಲೆಕೆಳಗೆ ಹಿಡಿದುಕೊಳ್ಳಿ. ಬಾಡಿಯ ಗೂಡಿನೊಳಗಿನ ಸ್ಪ್ರಿಂಗ್‌ಗಳನ್ನು ರಬ್ಬರ್‌ನಲ್ಲಿ ಮುಟ್ಟಲೇಬೇಡಿ, ಬಾಗಿಬಿಡುತ್ತವೆ.

ಮಂಟಪದ ಕ್ಯಾಮೆರಾ ಅವರೇ, ನಿಮ್ಮ ಚೀಟಿ ಬಹಳ ಉಪಯೋಗಕ್ಕೆ ಬಂತು. ಎರಡೂ ಸ್ಲಾಟ್, ಎರಡೂ ಬ್ಯಾಟರಿ ಕೈ ತೊಳೆದುಕೊಂಡವು. ಇನ್ನು ಉಳಿದದ್ದು ಗ್ರಿಪ್ ಒಳಗಿನ ತಂತಿ ಅಥವಾ ಕಂಬದ ತುದಿ. ಇವೆರಡನ್ನು ಬೇರೆ ಮಾಡಲು ಒಂದು ದಾರಿ ಇದೆ. 10 ಓಮ್, 10 ವ್ಯಾಟ್ ರೆಸಿಸ್ಟರ್ ಒಂದು ತಗೊಳ್ಳಿ. ಬೆಂಗಳೂರಿನವರಾದರೆ ಎಸ್‌ಪಿ ರೋಡ್‌ಗೆ ಹೋಗಿ ಅನ್ನುತ್ತಿದ್ದೆ, ನಿಮ್ಮ ಊರಿನ ಮೊಬೈಲ್ ರಿಪೇರಿ ಅಂಗಡಿಯಲ್ಲೂ ಸಿಗಬಹುದು. ಗ್ರಿಪ್‌ನ್ನು ಬಾಡಿಯಿಂದ ಬಿಚ್ಚಿ, ಬ್ಯಾಟರಿ ಒಳಗಿಟ್ಟು, ಕಂಬದ ಪ್ಲಸ್-ಮೈನಸ್ ಪಟ್ಟಿಗಳಿಗೆ ರೆಸಿಸ್ಟರ್ ತಾಗಿಸಿ ಮಲ್ಟಿಮೀಟರ್‌ನಲ್ಲಿ ವೋಲ್ಟ್ ನೋಡಿ. ಹಾಗೇ ಗ್ರಿಪ್ ಅಲ್ಲಾಡಿಸಿ. ವೋಲ್ಟ್ ಕುಣಿದರೆ ಗ್ರಿಪ್ ಒಳಗೆ ತೊಂದರೆ. ಕುಣಿಯದಿದ್ದರೆ ಗ್ರಿಪ್ ಒಳಗೆಲ್ಲ ಸರಿ ಇದೆ, ಬಾಡಿಗೆ ತಾಗುವ ಜಾಗದಲ್ಲಿ ತೊಂದರೆ.

ಜೋಪಾನ, ರೆಸಿಸ್ಟರ್ ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಪ್ರೋಬ್ ಜಾರಿ ಎರಡು ಪಟ್ಟಿಗೆ ಒಟ್ಟಿಗೆ ತಾಗಿದರೆ ಶಾರ್ಟ್. ಅಭ್ಯಾಸ ಇಲ್ಲದಿದ್ದರೆ ರಿಪೇರಿಯವರ ಕೈಯಲ್ಲೇ ಮಾಡಿಸಿ.

ಹೊಸ ಲೆನ್ಸ್ | ಸಂಜೆ 8:20
ನಿಮ್ಮೆಲ್ಲರಿಗೂ ಒಂದು ಪ್ರಶ್ನೆ. ಹೊಸ ಬ್ಯಾಟರಿ, ಹಳೇ ಬ್ಯಾಟರಿ ಜೊತೆಗೆ ಹಾಕಬಹುದಾ? ಒಂದು ಇನ್ನೊಂದಕ್ಕೆ ಚಾರ್ಜ್ ಹರಿಸಿ ಬಿಸಿಯಾಗುತ್ತದೆ ಅಂತ ಯಾರೋ ಹೇಳಿದರು.

ಬಯಲುಸೀಮೆ ಬೆಳಕು | ಸಂಜೆ 8:26
ಹಾಕಬಾರದು. ಹಳೆಯದು ಹೊಸದನ್ನೂ ಹಾಳು ಮಾಡುತ್ತದೆ.

ಬೆಸುಗೆ ಭಟ್ಟ | ಸಂಜೆ 8:35
ಒಳ್ಳೆಯ ಗ್ರಿಪ್‌ನಲ್ಲಿ ಹಾಗಾಗುವುದಿಲ್ಲ. ನಾನು ಬಿಚ್ಚಿ ನೋಡಿದವುಗಳಲ್ಲಿ ಪ್ರತಿ ಸ್ಲಾಟ್‌ಗೂ ಬೇರೆ ಬೇರೆ ಡಯೋಡ್ ಇತ್ತು. ಕರೆಂಟ್ ಬಾಡಿಯ ಕಡೆಗೆ ಹೋಗಬಹುದು, ಪಕ್ಕದ ಬ್ಯಾಟರಿಗೆ ವಾಪಸ್ ಬರಲಾರದು. ಯಾವುದರಲ್ಲಿ ವೋಲ್ಟ್ ಜಾಸ್ತಿಯೋ ಅದು ಮೊದಲು ಖರ್ಚಾಗುತ್ತದೆ, ಇನ್ನೊಂದರ ಮಟ್ಟಕ್ಕೆ ಬಂದ ಮೇಲೆ ಎರಡೂ ಸೇರಿ ಇಳಿಯುತ್ತವೆ. ಅದಕ್ಕೇ ಒಂದು 60, ಇನ್ನೊಂದು 95 ತೋರಿಸಿದರೆ ಗಾಬರಿ ಬೇಡ.

ಆದರೆ ಉಬ್ಬಿದ ಬ್ಯಾಟರಿ ಮಾತ್ರ ಹಾಕಬೇಡಿ. ಸಮತಟ್ಟಾದ ಮೇಜಿನ ಮೇಲೆ ಇಟ್ಟು ಬೆರಳಲ್ಲಿ ತಿರುಗಿಸಿ. ಬುಗುರಿಯ ಹಾಗೆ ತಿರುಗಿದರೆ ಹೊಟ್ಟೆ ಉಬ್ಬಿದೆ ಅಂತ ಅರ್ಥ. ಅದು ಟ್ರೇಯಲ್ಲಿ ಸಿಕ್ಕಿಕೊಂಡರೆ ತೆಗೆಯುವುದೇ ಕಷ್ಟ.

ಚಳಿನಾಡಿನಿಂದ | ರಾತ್ರಿ 9:15
ಕೆನಡಾದಿಂದ ಬರೆಯುತ್ತಿದ್ದೇನೆ. ಇಲ್ಲಿ ಮೈನಸ್ 20ರಲ್ಲಿ ಫುಲ್ ಬ್ಯಾಟರಿಯೂ ಕೈ ಕೊಡುತ್ತದೆ. ಅದು ಗ್ರಿಪ್ ತಪ್ಪಲ್ಲ, ಚಳಿಗೆ ಲಿಥಿಯಂ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಏರುತ್ತದೆ. ಜಾಕೆಟ್ ಒಳಜೇಬಿನಲ್ಲಿ ಹತ್ತು ನಿಮಿಷ ಇಟ್ಟರೆ ಸತ್ತ ಬ್ಯಾಟರಿ ಮತ್ತೆ 40 ಪರ್ಸೆಂಟ್ ತೋರಿಸಿದ್ದೂ ಇದೆ. ಸ್ಪಿತಿ, ಲಡಾಖ್ ಕಡೆ ಚಳಿಗಾಲದಲ್ಲಿ ಹೋಗುವವರು ನೆನಪಿಡಿ. ಗ್ರಿಪ್‌ನಲ್ಲಿ ಒಂದೇ ಬ್ಯಾಟರಿ ಹಾಕಿ, ಎರಡನೆಯದು ಮೈಗೆ ತಾಗಿ ಬೆಚ್ಚಗಿರಲಿ.

ಕಬಿನಿ ಕಾಯುವವ | ರಾತ್ರಿ 9:28
ಪೆನ್ಸಿಲ್ ಸೆಲ್ ಬಗ್ಗೆಯೂ ಒಂದು ಮಾತು. ಒಂದು ಸಲ ರಂಗನತಿಟ್ಟಿಗೆ ಬ್ಯಾಟರಿ ಚಾರ್ಜ್ ಮಾಡದೆ ಹೋಗಿದ್ದೆ. ಶ್ರೀರಂಗಪಟ್ಟಣದ ಅಂಗಡಿಯಲ್ಲಿ ಆರು ಸಾದಾ ಸೆಲ್ ತಗೊಂಡು ಗ್ರಿಪ್‌ನ ಎಎ ಟ್ರೇಗೆ ಹಾಕಿದೆ. ಕ್ಯಾಮೆರಾ ಆನ್ ಆಯಿತು, ಖುಷಿಯಾಯಿತು. ದೋಣಿ ಹತ್ತಿ ಮೊದಲ ಕೊಕ್ಕರೆಗೆ ಬರ್ಸ್ಟ್ (ಒಂದರ ಹಿಂದೊಂದು ಫೋಟೋ) ಹೊಡೆದೆ, ಆಫ್. ಹೊಸ ಆಲ್ಕಲೈನ್ ಆರು ಸೇರಿದರೆ ಕಾಗದದ ಮೇಲೆ 9 ವೋಲ್ಟ್. ಆದರೆ ಜೋರಾಗಿ ಎಳೆದರೆ ಕುಸಿಯುತ್ತದೆ, ಸಾದಾ ಸೆಲ್ ಅಂತೂ ಇನ್ನೂ ಬೇಗ. ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಒಂದೊಂದು 1.2 ವೋಲ್ಟ್, ಆರು ಸೇರಿ 7.2. ಅಂಕಿ ಕಡಿಮೆ, ಆದರೆ ಭಾರ ಬಿದ್ದಾಗ ನಿಲ್ಲುತ್ತದೆ. ಎಎ ಟ್ರೇ ಬಳಸುವುದಾದರೆ ಅವನ್ನೇ ಬಳಸಿ.

ಹೊಸ ಲೆನ್ಸ್ | ರಾತ್ರಿ 9:34
ಗ್ರಿಪ್ ಹಾಕಿದರೆ ಫ್ರೇಮ್ ಸ್ಪೀಡ್ ಜಾಸ್ತಿ ಆಗುತ್ತದೆ ಅಲ್ವಾ? ಅದಕ್ಕೇ ಜನ ಹಾಕುವುದು ಅಂದುಕೊಂಡಿದ್ದೆ.

ಕಬಿನಿ ಕಾಯುವವ | ರಾತ್ರಿ 9:40
ಎಲ್ಲದರಲ್ಲೂ ಅಲ್ಲ. ನಿಕಾನ್ ಡಿ700 ಸೆಕೆಂಡಿಗೆ 5 ಹೊಡೆಯುತ್ತಿತ್ತು, ಎಂಬಿ-ಡಿ10 ಗ್ರಿಪ್‌ಗೆ ದೊಡ್ಡ ಬ್ಯಾಟರಿ ಹಾಕಿದರೆ 8. ಡಿ850 ಕೂಡ ಹಾಗೇ, 7 ಇದ್ದದ್ದು 9 ಆಗುತ್ತದೆ. ಅಲ್ಲೂ ಇಎನ್-ಇಎಲ್18 ಸರಣಿಯ ಬ್ಯಾಟರಿಯೇ ಬೇಕು, ಸಾದಾ ಇಎನ್-ಇಎಲ್15 ಹಾಕಿದರೆ ಏರುವುದಿಲ್ಲ. ಫ್ಯೂಜಿ ಎಕ್ಸ್-ಟಿ2 8ರಿಂದ 11ಕ್ಕೆ ಹೋಗುತ್ತಿತ್ತು. ಕ್ಯಾನನ್ 80ಡಿ ಗ್ರಿಪ್ ಇದ್ದರೂ 7, ಇಲ್ಲದಿದ್ದರೂ 7.

ಕುಂದಾಪ್ರ ಕಡಲು | ರಾತ್ರಿ 9:47
ಹಾಗಾದರೆ 80ಡಿಗೆ ಗ್ರಿಪ್ ಯಾಕೆ ಬೇಕು? ಒಂದು ಬ್ಯಾಟರಿಗೆ ಕಂಪನಿ ಲೆಕ್ಕದಲ್ಲೇ 960 ಫೋಟೋ. ಜೇಬಲ್ಲಿ ಇನ್ನೊಂದು ಇಟ್ಟುಕೊಳ್ಳಿ. ಬದಲಾಯಿಸಲು ಹತ್ತು ಸೆಕೆಂಡ್.

ಸ್ಟುಡಿಯೋ ಅಕ್ಕ | ರಾತ್ರಿ 9:58
ಧಾರೆ ಎರೆಯುವಾಗ ಆ ಹತ್ತು ಸೆಕೆಂಡ್ ಇರುವುದಿಲ್ಲ ಕಡಲು ಅವರೇ. ಇನ್ನೊಂದು, ಬೆಳಗಿನ ಜಾವ ನಾಲ್ಕಕ್ಕೆ ಶುರು ಮಾಡಿ ರಾತ್ರಿವರೆಗೆ ವರ್ಟಿಕಲ್ ಹಿಡಿದರೆ ಮೊಣಕೈ ಎತ್ತಿಕೊಂಡೇ ಇರಬೇಕು. ಗ್ರಿಪ್ ಇದ್ದರೆ ಮೊಣಕೈ ಮೈಗೆ ಅಂಟಿರುತ್ತದೆ. ನನಗೆ ಭುಜದ ನೋವು ಶುರುವಾದ ಮೇಲೆ ಗ್ರಿಪ್ ಇಲ್ಲದೆ ಒಂದು ಮದುವೆಯನ್ನೂ ಮಾಡಿಲ್ಲ. ಬ್ಯಾಟರಿ ಎರಡನೆಯ ಮಾತು, ಹಿಡಿತ ಮೊದಲನೆಯದು.

ಕುಂದಾಪ್ರ ಕಡಲು | ರಾತ್ರಿ 10:04
ನಾನು ಹಕ್ಕಿ, ಸಮುದ್ರ ಅಂತ ಅಡ್ಡಕ್ಕೇ ಹಿಡಿಯುವವನು ಅಕ್ಕ. ಭುಜದ ವಿಷಯ ಯೋಚಿಸಿರಲಿಲ್ಲ. ಒಪ್ಪಿದೆ. ಆದರೂ ಒರಿಜಿನಲ್ ತಗೊಳ್ಳಿ ಅನ್ನುವ ಮಾತು ಬಿಡುವುದಿಲ್ಲ.

ಮಂಟಪದ ಕ್ಯಾಮೆರಾ | ಬುಧವಾರ, ರಾತ್ರಿ 9:20
ಸಿಕ್ಕಿತು!

ನಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ರಿಪೇರಿ ಹುಡುಗನ ಹತ್ತಿರ ಹೋದೆ. ಕಂಬದ ಪಟ್ಟಿಗಳಿಗೆ ರೆಸಿಸ್ಟರ್ ಹಿಡಿದು ನೋಡಿದ. ಭಾರ ಇಲ್ಲದಾಗ 8.2, ರೆಸಿಸ್ಟರ್ ತಾಗಿಸಿದರೆ 7.8. ನಾನು ಗ್ರಿಪ್ ಹಿಡಿದು ಚೆನ್ನಾಗಿ ಅಲ್ಲಾಡಿಸಿದೆ, ತಿರುಚಿದೆ. 7.8 ಅಲ್ಲಾಡಲೇ ಇಲ್ಲ. ಭಟ್ಟರ ಲೆಕ್ಕದಂತೆ ಗ್ರಿಪ್ ಒಳಗೆ ಸರಿ ಇದೆ.

ಆಮೇಲೆ ಅವನು ಮೊಬೈಲ್ ಬೋರ್ಡ್ ನೋಡುವ ದೊಡ್ಡ ಭೂತಗನ್ನಡಿಯ ಕೆಳಗೆ ಕಂಬದ ತುದಿ ಇಟ್ಟ. ಎಲ್ಲ ಪಟ್ಟಿಗಳೂ ಹಳದಿಯಾಗಿ ಹೊಳೆಯುತ್ತಿದ್ದವು. ತುದಿಯ ಒಂದು ಪಟ್ಟಿಯ ಮೇಲೆ ಮಾತ್ರ ಸಾಸಿವೆಗಿಂತ ಚಿಕ್ಕದಾದ ಒಂದು ಕಪ್ಪು ಚುಕ್ಕೆ, ಸುತ್ತ ಕಂದು ಉಂಗುರ. ಬರಿಗಣ್ಣಿಗೆ ಅದು ಧೂಳಿನ ಹಾಗೆ ಕಾಣುತ್ತದೆ, ಎಷ್ಟೋ ಸಲ ನೋಡಿಯೂ ಬಿಟ್ಟಿದ್ದೇನೆ. ಆಮೇಲೆ ಕಂಬವನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದ. ಬುಡದಲ್ಲಿ ಕೂದಲೆಳೆಯಷ್ಟು ಆಟ ಇತ್ತು. ಕೂರಿಸಿರುವ ನಾಲ್ಕು ಪುಟ್ಟ ಸ್ಕ್ರೂಗಳಲ್ಲಿ ಎರಡು ಸಡಿಲ.

ಸ್ಕ್ರೂ ಬಿಗಿ ಮಾಡಿ, ಆಲ್ಕೋಹಾಲ್‌ನಲ್ಲಿ ಒರೆಸಿ, ರಬ್ಬರ್‌ನಲ್ಲಿ ಎರಡು ಸಲ ಉಜ್ಜಿದ. ಚುಕ್ಕೆ ಮುಕ್ಕಾಲು ಹೋಯಿತು. ಮನೆಗೆ ಬಂದು 70-200 ಹಾಕಿ ಉದ್ದಕ್ಕೆ ಹಿಡಿದು 400 ಫ್ರೇಮ್ ಹೊಡೆದೆ. ಒಂದು ಸಲವೂ ಆಫ್ ಆಗಲಿಲ್ಲ. ಹುಡುಗ ದುಡ್ಡು ಬೇಡ ಅಂದ, ಅವನ ಅಂಗಡಿಯ ಒಂದು ಒಳ್ಳೆಯ ಫೋಟೋ ತೆಗೆದು ಫ್ರೇಮ್ ಹಾಕಿಸಿ ಕೊಡುತ್ತಿದ್ದೇನೆ.

ಬೆಸುಗೆ ಭಟ್ಟ | ರಾತ್ರಿ 9:41
ಬಹಳ ಖುಷಿಯಾಯಿತು. ಆ ಚುಕ್ಕೆ ಆದದ್ದು ಹೀಗೆ. ಕಂಬ ಸಡಿಲ ಇದ್ದುದರಿಂದ ಪ್ರತಿ ಸಲ ಎತ್ತಿ ಇಳಿಸುವಾಗ ಪಟ್ಟಿಯೂ ಬಾಡಿಯ ಸ್ಪ್ರಿಂಗೂ ಒಂದನ್ನೊಂದು ಉಜ್ಜಿಕೊಂಡಿವೆ. ಉಜ್ಜಿದ ಜಾಗದಲ್ಲಿ ಲೇಪ ಸವೆದು, ಕೆಳಗಿನ ಲೋಹ ಗಾಳಿ ಸೇರಿ ಕರೆಂಟ್ ಹಾಯದ ಪುಡಿಯಾಗಿದೆ. ಆ ಪುಡಿಯ ಮೇಲೆ ಸ್ಪ್ರಿಂಗ್ ಕೂತಾಗ ಆಫ್. ಅಲ್ಲಾಡಿಸಿ ಪಕ್ಕಕ್ಕೆ ಸರಿದಾಗ ಆನ್. ಟ್ರೇ ಎಳೆದು ಹಾಕಿದಾಗ ಜೀವ ಬಂದದ್ದೂ ಟ್ರೇಯಿಂದಲ್ಲ, ಎಳೆಯುವ ಜೋರಿಗೆ ಕಂಬ ಕದಲಿದ್ದರಿಂದ.

ಒಂದು ಎಚ್ಚರಿಕೆ. ಅಲ್ಲಿ ಲೇಪ ಸವೆದಿದೆ, ಆದ್ದರಿಂದ ಚುಕ್ಕೆ ಮತ್ತೆ ಬರುತ್ತದೆ. ತಿಂಗಳಿಗೊಮ್ಮೆ ಒರೆಸಿ. ಬಾಡಿಯ ಸ್ಪ್ರಿಂಗ್ ಮೇಲೂ ಅದರ ಗುರುತು ಇದೆಯಾ ಟಾರ್ಚ್ ಹಾಕಿ ನೋಡಿ.

ಕುಂದಾಪ್ರ ಕಡಲು | ರಾತ್ರಿ 9:50
ಅಭಿನಂದನೆ. ಈ ಸಲ ನನ್ನ ಮಾತು ತಪ್ಪಾಯಿತು, ಹುಡುಕಿದ್ದೇ ಸರಿ. ಆದರೆ ಸ್ಕ್ರೂ ಮತ್ತೆ ಸಡಿಲ ಆಗದ ಹಾಗೆ ಏನಾದರೂ ಮಾಡಿ.

ಬೆಸುಗೆ ಭಟ್ಟ | ರಾತ್ರಿ 9:56
ಸ್ಕ್ರೂ ತಲೆಯ ಅಂಚಿಗೆ ಉಗುರುಬಣ್ಣ ಒಂದು ಚುಕ್ಕೆ ಸಾಕು. ಗಟ್ಟಿಯಾಗಿ ಹಿಡಿಯುತ್ತದೆ, ಬೇಕಾದಾಗ ಬಿಚ್ಚಲೂ ಬರುತ್ತದೆ. ಫೆವಿಕ್ವಿಕ್ ಹಾಕಬೇಡಿ.

ತುಂಗಾ ತೀರ | ಶುಕ್ರವಾರ, ಬೆಳಗ್ಗೆ 8:05
ನಾಲ್ಕು ದಿನ ಆಯಿತು. ಸೋಮವಾರ 97, 96 ಇತ್ತು. ಇವತ್ತು 97, 95. ಟ್ರೇ ಒಳಗೇ ಇತ್ತು. ಕಬಿನಿ ಅವರೇ, ನೂರು ನಮಸ್ಕಾರ. ಗ್ರಿಪ್ ಮಾರಲು ಜಾಹೀರಾತು ಹಾಕಿಬಿಟ್ಟಿದ್ದೆ, ಈಗ ತೆಗೆಯುತ್ತೇನೆ.

ಹೊಸ ಲೆನ್ಸ್ | ಶುಕ್ರವಾರ, ಬೆಳಗ್ಗೆ 9:12
ನನ್ನದು ನಿಕಾನ್ ಡಿ5600. ಅದಕ್ಕೆ ಗ್ರಿಪ್ ತಗೊಳ್ಳಬಹುದಾ?

ಕಬಿನಿ ಕಾಯುವವ | ಬೆಳಗ್ಗೆ 9:30
ಡಿ3000, ಡಿ5000 ಸರಣಿಗಳಿಗೆ ನಿಕಾನ್ ಯಾವತ್ತೂ ಗ್ರಿಪ್ ಮಾಡಲಿಲ್ಲ. ಬೇರೆಯವರು ಮಾಡುವುದರಲ್ಲಿ ಪಕ್ಕದ ರಿಮೋಟ್ ಸಾಕೆಟ್‌ಗೆ ಒಂದು ಪುಟ್ಟ ಕೇಬಲ್ ಬರುತ್ತದೆ. ಶಟರ್ ಬಟನ್ ಅದರಿಂದ ಕೆಲಸ ಮಾಡುತ್ತದೆ. ಬ್ಯಾಗ್‌ಗೆ ಹಾಕಿ ತೆಗೆಯುವಾಗ ಆ ಕೇಬಲ್ ಸಿಕ್ಕಿಕೊಂಡು ಸಾಕೆಟ್ ಹಾಳಾದ್ದು ನೋಡಿದ್ದೇನೆ. ಅದಕ್ಕಿಂತ ಒಂದು ಬ್ಯಾಟರಿ ಜಾಸ್ತಿ ಇಟ್ಟುಕೊಳ್ಳಿ. ವಿಮಾನದಲ್ಲಿ ಹೋಗುವಾಗ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗ್‌ನಲ್ಲಿ ಬಿಡುವುದಿಲ್ಲ.

ಸ್ಟುಡಿಯೋ ಅಕ್ಕ | ಬೆಳಗ್ಗೆ 10:02
ಮಂಟಪದ ತಮ್ಮ, ಭಾನುವಾರ ಹೊರಡುವಾಗ ಬಾಡಿಯ ಬ್ಯಾಟರಿ ಬಾಗಿಲನ್ನು ಜೊತೆಗೆ ಇಟ್ಟುಕೊಳ್ಳಿ. ಗ್ರಿಪ್ ಕೈ ಕೊಟ್ಟರೆ ಬಿಚ್ಚಿ ನೇರ ಬ್ಯಾಟರಿ ಹಾಕಬೇಕು, ಆಗ ಬಾಗಿಲು ಇಲ್ಲದಿದ್ದರೆ ಕ್ಯಾಮೆರಾ ಆನ್ ಆಗುವುದಿಲ್ಲ. ತುಂಬಾ ಜನ ಅದನ್ನು ಡಬ್ಬದಲ್ಲೇ ಬಿಟ್ಟಿರುತ್ತಾರೆ. ಗ್ರಿಪ್‌ನ ಕಂಬದಲ್ಲಿ ಅದನ್ನು ಸಿಕ್ಕಿಸಿಡಲು ಒಂದು ಜಾಗ ಇರುತ್ತದೆ, ನೋಡಿ.

ಮಂಟಪದ ಕ್ಯಾಮೆರಾ | ಬೆಳಗ್ಗೆ 10:15
ಅಲ್ಲೇ ಇದೆ ಅಕ್ಕ. ಕಳೆದ ವಾರ ಆರತಕ್ಷತೆಗೆ ಅದರಿಂದಲೇ ಬಚಾವಾದೆ.

ಮಂಟಪದ ಕ್ಯಾಮೆರಾ | ಭಾನುವಾರ, ರಾತ್ರಿ 11:10
ಈಗಷ್ಟೇ ಅರಸೀಕೆರೆಯಿಂದ ಬಂದೆ. ಬೆಳಗ್ಗೆ 4:30ಕ್ಕೆ ಶುರು, ರಾತ್ರಿ 9ಕ್ಕೆ ಮುಗಿಯಿತು. ಒಟ್ಟು 1840 ಫ್ರೇಮ್, ಅರ್ಧಕ್ಕಿಂತ ಜಾಸ್ತಿ ವರ್ಟಿಕಲ್. ಒಂದು ಸಲವೂ ಆಫ್ ಆಗಲಿಲ್ಲ. ಎಡಗೈ ಲೆನ್ಸ್ ಕೆಳಗೇ ಇಟ್ಟಿದ್ದೆ. ಗಂಟೆಗೊಂದು ಸಲ ತಿರುಪು ಚಕ್ರ ಮುಟ್ಟಿ ನೋಡಿದೆ, ಮಧ್ಯಾಹ್ನ ಒಂದು ಸಲ ಕಾಲು ಸುತ್ತು ಸಡಿಲ ಇತ್ತು. ಗಟ್ಟಿಮೇಳದ ಹೊತ್ತಿಗೆ ಹನ್ನೊಂದು ಫ್ರೇಮ್ ಸಿಕ್ಕಿವೆ, ಮೂರನೇ ಗಂಟು ಹಾಕುವಾಗ ಹುಡುಗಿಯ ತಾಯಿ ಕಣ್ಣೊರೆಸಿಕೊಂಡದ್ದೂ ಅದರಲ್ಲಿದೆ.

ಬಾಡಿಯ ಸ್ಪ್ರಿಂಗ್ ಮೇಲೂ ಸಣ್ಣ ಗುರುತು ಇದೆ ಭಟ್ಟರೇ. ನಾಳೆ ಹತ್ತಿರದಿಂದ ಫೋಟೋ ತೆಗೆದು ಹಾಕುತ್ತೇನೆ, ಒರೆಸಬೇಕಾ ಬಿಡಬೇಕಾ ಹೇಳಿ.

ಬೆಸುಗೆ ಭಟ್ಟ | ರಾತ್ರಿ 11:18
ಹಾಕಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಕಡ್ಡಿ ಹಾಕಬೇಡಿ.